ಹಿಡಿ ಐಸು ತೂರಿದ ಸಂಜೆ

ಮಾಟ, ಮಂತ್ರ, ಶಾಪ ಎಂದರೆ ಕೆಲಸವಿಲ್ಲದವರ ಮಾತು ಎಂದುಕೊಂಡೇ ನಾನು ಮುದುಕಿಯಾದೆ. ನಮ್ಮ ವಿಜಯಪುರದ ಕಡೆ ಹೆಂಗಸರು ಅನ್ಯಾಯ ಮಾಡಿದವರ ಮೇಲೆ ಹಿಡಿ ಮಣ್ಣು ತೂರಿ ಶಪಿಸುವುದುಂಟು. ನಮ್ಮವ್ವ ತೂರಿದ್ದನ್ನು ಕಂಡಿದ್ದೇನೆ. ಯಾರಿಗೂ ಏನೂ ಆಗಲಿಲ್ಲ. ಆಕೆಯ ಕಣ್ಣಿಗೇ ಧೂಳು ಬಿತ್ತು, ಅಷ್ಟೆ. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಸಿಟ್ಟಿಲ್ಲ.

ನನ್ನ ಮೊಮ್ಮಗ ವಿನಯ ಐಸಿನ ಮೇಲಿನ ಹಾಕಿ ಆಟವಾಡಿ ಸಂಬಳ ತೆಗೆದುಕೊಳ್ಳುತ್ತಿದ್ದವನು. ಚಿಕ್ಕವನಿದ್ದಾಗ ಯಾರದೋ ಹುಟ್ಟುಹಬ್ಬಕ್ಕೆ ಐಸಿನ ಮೇಲೆ ಜಾರಾಡುವ ರಿಂಕಿಗೆ ಹೋದವನು ಅಲ್ಲೇ ಅಂಟಿಕೊಂಡ. ಶಾಲೆಗೆ ಮುಂಚೆ, ಬೆಳಗಿನ ಕತ್ತಲಲ್ಲಿ ಅವನಪ್ಪ ಲಂಡನ್ನಿನ ಗ್ರೀನ್‌ಫರ್ಡ್‌ನ ನಮ್ಮ ಮನೆಯಿಂದ ಅಭ್ಯಾಸಕ್ಕೆ ಕರೆದೊಯ್ಯುತ್ತಿದ್ದ. ಬುತ್ತಿ ಕಟ್ಟುವುದು ನನ್ನ ಪಾಲಿಗೆ. ಬೂಟಿಗೆ ಕತ್ತಿಯಂಥದ್ದು ಹಾಕಿಕೊಂಡು, ಕೋಲು ಹಿಡಿದು ಒಬ್ಬರ ಮೇಲೊಬ್ಬರು ಬೀಳುವುದು ಎಂಥ ಆಟ ಎಂದು ಬೈಯುತ್ತಿದ್ದೆ. ಮುಂದಿನ ಹಲ್ಲು ಹೋದರೂ ಅವನು ನಗುತ್ತಿದ್ದ. ಲಂಡನ್ನಿನ ಕ್ಲಬ್ಬೊಂದು ಸೇರಿಸಿಕೊಂಡಾಗ ಅಂಗಿಯ ಬೆನ್ನ ಮೇಲೆ ನಮ್ಮ ಮನೆತನದ ಹೆಸರು ಬರೆದಿತ್ತು. ಆಮೇಲೆ ಬೈಯುವುದು ಬಿಟ್ಟೆ.

ಒಂದು ಪಂದ್ಯದಲ್ಲಿ ಎದುರು ತಂಡದ ಕೆಂಪು ಗಡ್ಡದವನೊಬ್ಬ, ಇವರು ಹೊಡೆಯುವ ಕಪ್ಪು ಬಿಲ್ಲೆ ಎಲ್ಲೋ ದೂರದಲ್ಲಿದ್ದಾಗ, ಹಿಂದಿನಿಂದ ಬಂದು ವಿನಯನನ್ನು ಗೋಡೆಗೆ ಅಪ್ಪಳಿಸಿದ. ಮೊಣಕಾಲು ತಿರುಚಿಹೋಯಿತು. ಗಡ್ಡದವನಿಗೆ ಕೆಲವು ನಿಮಿಷ ಹೊರಗೆ ಕೂರುವ ಶಿಕ್ಷೆ. ನಮ್ಮವನು ನಡೆಯಬಹುದು, ಇನ್ನು ಆಡುವಂತಿಲ್ಲ ಎಂದರು ಡಾಕ್ಟರು. ತಿಂಗಳುಗಟ್ಟಲೆ ಸೋಫಾದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ. ಸೊಸೆ ಅತ್ತಳು, ನಾನು ಅಳಲಿಲ್ಲ. ಆ ಗಡ್ಡದವನ ಕಾಲಿಗೂ ಐಸು ತಪ್ಪಬೇಕು. ನನಗೆ ಬೇಕಾದದ್ದು ಅದೊಂದೇ.

ಮುಂದಿನ ಚಳಿಗಾಲ ಅದೇ ತಂಡ ಮತ್ತೆ ಲಂಡನ್ನಿಗೆ ಬಂತು. ನಾನೂ ಬರುತ್ತೇನೆಂದು ಹೊರಟೆ.

“ಅಜ್ಜಿ, ಯು ಹೇಟ್ ಹಾಕಿ,” ಅಂದ ವಿನಯ.

“ಆಟ ನೋಡಾಕ ಯಾರು ಬರ್ತಾರೋ? ಆ ಗಡ್ಡದವನ ಮಾರಿ ನೋಡಬೇಕು ನಾನು.”

ನೋಡಿದೆ. ನಗುನಗುತ್ತ ಆಡುತ್ತಿದ್ದ. ಮಧ್ಯಂತರದಲ್ಲಿ ಸಿಟ್ಟು ತಡೆಯದೆ ಹೊರಗೆ ಬಂದೆ. ಐಸು ನುಣುಪು ಮಾಡುವ ದೊಡ್ಡ ಬಂಡಿ ಕೆರೆದ ಪುಡಿಯನ್ನು ಕಾರು ನಿಲ್ಲಿಸುವ ಜಾಗದಲ್ಲಿ ರಾಶಿ ಸುರಿದಿತ್ತು. ಸುತ್ತ ಬರೀ ಡಾಂಬರು, ಹಿಡಿ ಮಣ್ಣು ಸಿಗುವ ಜಾಗವಲ್ಲ. ಇವರ ಆಟಕ್ಕೆ ಇದೇ ಮಣ್ಣಲ್ಲವೇ ಎನಿಸಿತು. ಬರಿಗೈಯಲ್ಲಿ ಬಾಚಿ ಕಟ್ಟಡದ ಗೋಡೆಗೆ ತೂರಿ, “ನಿನ್ನ ಕಾಲಿಗೆ ಈ ನೆಲಾ ಒಗ್ಗದಂಗಾಗ್ಲಿ,” ಅಂದೆ. ಹತ್ತಿರ ಯಾರೂ ಇರಲಿಲ್ಲ. ಸೀರೆಗೆ ಕೈ ಒರೆಸಿಕೊಂಡು ಒಳಗೆ ಹೋಗಿ ಕೂತೆ.

ಆಟಗಾರರು ಮತ್ತೆ ಇಳಿದರು. ಕೆಂಪು ಗಡ್ಡದವನು ಐಸಿಗೆ ಕಾಲಿಟ್ಟವನೇ ಬಿದ್ದ. ಜನ ನಕ್ಕರು. ಎದ್ದ, ಮತ್ತೆ ಬಿದ್ದ. ಆಗ ತಾನೇ ಹುಟ್ಟಿದ ಎಮ್ಮೆಕರುವಿನ ಹಾಗೆ ಕಾಲುಗಳು ಒಂದೊಂದು ದಿಕ್ಕಿಗೆ ಹೋಗುತ್ತಿದ್ದವು. ಬೂಟು ಬದಲಿಸಿ ತಂದರು, ಆಗಲೂ ಅಷ್ಟೇ. ನಗು ನಿಂತಿತು. ಕೊನೆಗೆ ಇಬ್ಬರು ರಟ್ಟೆ ಹಿಡಿದು ಎಳೆದೊಯ್ದರು.

ಮನೆಗೆ ಬರುವಾಗ ಟ್ಯೂಬ್ ರೈಲಿನಲ್ಲಿ ವಿನಯನಿಗೆ ಹೇಳಿದೆ, “ಹಿಡಿ ಐಸು ತೂರಿ ಬಂದೀನಿ ಅವಗ.” ಕಾಲು ಹೋದ ಮೇಲೆ ಅವನು ನಕ್ಕದ್ದು ಅಂದೇ.

ಆ ಮನುಷ್ಯನಿಗೆ ಮತ್ತೆ ಐಸಿನ ಮೇಲೆ ನಿಲ್ಲಲಾಗಲಿಲ್ಲ. ರಸ್ತೆಯ ಮೇಲೆ ಓಡುತ್ತಾನೆ, ಮೆಟ್ಟಿಲು ಹತ್ತುತ್ತಾನೆ, ಐಸಿಗೆ ಬಂದರೆ ಬೀಳುತ್ತಾನೆ ಎಂದು ವಿನಯನ ಹಳೆಯ ಗೆಳೆಯರು ಹೇಳಿದರು. ಡಾಕ್ಟರಿಗೆ ಏನೂ ಸಿಗಲಿಲ್ಲವಂತೆ. ಕ್ಲಬ್ಬು ಅವನನ್ನು ಬಿಟ್ಟಿತು. ಅಂದು ನಾನು ಹೋಳಿಗೆ ಮಾಡಿದೆ.

ವರ್ಷದ ಮೇಲೆ, ಇಬ್ಬನಿ ಹೆಪ್ಪುಗಟ್ಟಿದ ಒಂದು ಬೆಳಿಗ್ಗೆ, ಅವನೇ ಬಿಸ್ಕತ್ತಿನ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದ. ವಿನಯನ ಕ್ಷಮೆ ಕೇಳಿದ. ವಿನಯ ಅಡುಗೆಮನೆಗೆ ಬಂದು ಅರ್ಧ ತಮಾಷೆಯಲ್ಲಿ, “ಟೇಕ್ ಇಟ್ ಬ್ಯಾಕ್, ಅಜ್ಜಿ. ಹಿ ಸೆಡ್ ಸಾರಿ,” ಅಂದ.

“ನಿನ್ನ ಮೊಣಕಾಲು ವಾಪಸ್ ಬಂತೇನು?”

ಬಂದವನಿಗೆ ಚಹಾ ಮಾತ್ರ ಕೊಟ್ಟೆ.

ಹೊರಡುವಾಗ ಗಡ್ಡದವನು ಹೊಸ್ತಿಲಲ್ಲೇ ನಿಂತುಬಿಟ್ಟ. ಗೇಟಿನವರೆಗಿನ ದಾರಿ ಬೆಳ್ಳಗೆ ಗಟ್ಟಿಯಾಗಿತ್ತು. ಕೈ ಹಿಡಿಯಲು ವಿನಯ ಕುಂಟುತ್ತ ಮುಂದೆ ಹೋದ. ನನ್ನ ಹುಡುಗ ಜಾರಿ ಇನ್ನೊಂದು ಕಾಲೂ ಮುರಿದುಕೊಂಡಾನೆಂದು ಅಡುಗೆಮನೆಯ ಡಬ್ಬಿಯಿಂದ ಹಿಡಿ ಉಪ್ಪು ತೆಗೆದು ದಾರಿಗೆ ಎರಚಿದೆ. ಐಸು ಕರಗಲೆಂದು ಇಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ. ಅದರ ಮೇಲೆ ವಿನಯ ನಡೆದ. ಅವನ ಹಿಂದೆ ಗಡ್ಡದವನೂ ನಡೆದ.

ಮುಂದಿನ ವಾರ ವಿನಯ ಫೋನು ಕೆಳಗಿಟ್ಟು ನನ್ನ ಮುಖ ನೋಡಿದ. ಆ ಮನುಷ್ಯ ಐಸಿನ ಮೇಲೆ ನಿಂತನಂತೆ.

ಅದು ಹೆದರಿಕೆ, ತಾನಾಗಿಯೇ ಬಂತು, ತಾನಾಗಿಯೇ ಹೋಯಿತು ಎನ್ನುತ್ತಾಳೆ ಸೊಸೆ. ಇರಬಹುದು. ಐಸು ತೂರಿದಾಗ ನಾನು ಹೊರಗಿದ್ದೆ, ಅವನು ಒಳಗಿದ್ದ, ನಡುವೆ ಗೋಡೆಯಿತ್ತು. ನನ್ನ ಮಾತು ಕೇಳಿಸಿಕೊಂಡವರು ಯಾರೋ ಇಂದಿಗೂ ತಿಳಿದಿಲ್ಲ. ಅವನು ಈಗ ಮತ್ತೆ ಆಡುತ್ತಿದ್ದಾನೆ. ವಿನಯ ಕುಂಟುತ್ತಾನೆ. ಗೊತ್ತಿದ್ದರೆ ಆ ಬೆಳಿಗ್ಗೆ ನಾನು ಉಪ್ಪಿನ ಡಬ್ಬಿ ಮುಟ್ಟುತ್ತಿರಲಿಲ್ಲ.