ಶೂಲಾನ್ ಕಲಿಸಿದ ಹನ್ನೊಂದು ಉತ್ತರಗಳು

ಬಸ್ ನಿಲ್ದಾಣದವರೆಗೆ ಬಂದಿದ್ದ ಶೂಲಾನ್ ಅಲ್ಲಿಂದ ಮತ್ತೆ ಮನೆಗೆ ಓಡಿದಳು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಅನುಮಾನ. ಐದು ಮಹಡಿ ಹತ್ತಿ ನೋಡಿದರೆ ಆರಿಸಿಯೇ ಇತ್ತು. ಕೆಳಗಿಳಿದು ಬೀದಿಗೆ ಬಂದಾಗ, ಈಗ ನೋಡಿದ್ದು ಒಲೆಯ ನಾಬ್ ಮಾತ್ರವೋ, ಗೋಡೆಯ ವಾಲ್ವನ್ನೂ ನೋಡಿದೆನೋ ಎಂದು ಇನ್ನೊಂದು ಅನುಮಾನ ಹುಟ್ಟಿತು. ಅದನ್ನು ನುಂಗಿಕೊಂಡು ನಿಲ್ದಾಣಕ್ಕೆ ಬಂದಳು.

"ಆರಿತ್ತಾ?" ಎಂದರು ಅತ್ತೆ.

"ಆರಿತ್ತು, ಅಮ್ಮಾ."

"ಇವಳು ಸತ್ತ ಮೇಲೂ ಒಂದ್ಸಲ ವಾಪಸ್ ಬಂದು ಗ್ಯಾಸ್ ನೋಡ್ಕೊಂಡು ಹೋಗ್ತಾಳೆ ಕಣೋ," ಎಂದು ಅತ್ತೆ ಮಗನ ಕಡೆ ತಿರುಗಿದರು.

ಗಂಡ ಬೋಲಿನ್ ನಕ್ಕ. ಅವನ ಕೈ ಹಿಡಿದು ನಿಂತಿದ್ದ ಎಂಟು ವರ್ಷದ ಶಿನ್‌ಯಾ ನಗಲಿಲ್ಲ. ಹೊಸ ನೀಲಿ ಜಾಕೆಟ್ಟಿನ ಕಾಲರಿನೊಳಗೆ ಗಲ್ಲ ಹುದುಗಿಸಿ, ತುಟಿ ಅಲ್ಲಾಡಿಸುತ್ತ ಏನನ್ನೋ ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು. ಅದು ಏನೆಂದು ಶೂಲಾನ್‌ಗೆ ಗೊತ್ತಿತ್ತು. ಹನ್ನೊಂದು ಪ್ರಶ್ನೆ, ಹನ್ನೊಂದು ಉತ್ತರ. ಬರೆದುಕೊಟ್ಟವಳು ಅವಳೇ.

ಝೀಗೊಂಗ್ ಊರಿನ ಹಳೇ ಉಪ್ಪುಬಾವಿ ಕೆಲಸಗಾರರ ವಠಾರದಲ್ಲಿ ಹುಟ್ಟಿ ಬೆಳೆದವಳು ಶೂಲಾನ್. ಒಂಬತ್ತು ವರ್ಷದವಳಿದ್ದಾಗ ಪಕ್ಕದ ಮನೆಯ ಅಡುಗೆಮನೆ ಹೊತ್ತಿ ಉರಿದದ್ದನ್ನು ಕಣ್ಣಾರೆ ಕಂಡಿದ್ದಳು. ಅವತ್ತು ಒಳಗೆ ಹೊಕ್ಕ ಭಯ ಅವಳ ಜೊತೆಯಲ್ಲೇ ಬೆಳೆದು, ಚೆಂಗ್ಡುವಿಗೆ ಓದಲು ಹೋದಾಗ ಜೊತೆಗೇ ಹೋಗಿ, ಕನ್ನಡಕದ ಕೆಲಸ ಕಲಿತು ಅವಳು ಊರಿಗೆ ಮರಳಿದಾಗ ಜೊತೆಗೇ ಮರಳಿತು. ಕಣ್ಣು ಪರೀಕ್ಷಿಸುವ ಕೆಲಸ ಅವಳಿಗೆ ಹೇಳಿ ಮಾಡಿಸಿದಂತಿತ್ತು. ಅಲ್ಲಿ ಎಲ್ಲಕ್ಕೂ ಅಳತೆ ಇದೆ, ಅನುಮಾನ ಬಂದರೆ ಇನ್ನೊಮ್ಮೆ ನೋಡಬಹುದು. ಮದುವೆಯಾದ ಮೇಲೆ ಎರಡು ಸಲ ಬಸಿರು ನಿಂತು ಎರಡು ಸಲವೂ ಹೋಯಿತು. ಅದನ್ನು ಇನ್ನೊಮ್ಮೆ ನೋಡುವ ಧೈರ್ಯ ಅವಳಿಗೆ ಬರಲಿಲ್ಲ.

ಶಿನ್‌ಯಾ ಸಿಕ್ಕಿದ್ದೂ ಕಣ್ಣಿನಿಂದಲೇ. ಪ್ರತಿ ವರ್ಷ ವಸಂತದಲ್ಲಿ ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಯವರು ಅನಾಥ ಮಕ್ಕಳ ಆಶ್ರಮಕ್ಕೆ ಹೋಗಿ ಮಕ್ಕಳ ದೃಷ್ಟಿ ನೋಡಿ ಬರುವುದುಂಟು. ಗೋಡೆಯ ಮೇಲೆ ನೇತುಹಾಕಿದ ಫಲಕದಲ್ಲಿ ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು, ಸಾಲು ಸಾಲಾಗಿ, ಕೆಳಗೆ ಹೋದಂತೆ ಸಣ್ಣದಾಗುತ್ತ. ಹಲ್ಲು ಯಾವ ಕಡೆಗಿದೆಯೋ ಆ ಕಡೆಗೆ ಮಗು ಕೈ ತೋರಿಸಬೇಕು. ಒಬ್ಬ ಹುಡುಗಿ ಎಡಗಣ್ಣಿನಲ್ಲಿ ಕೊನೆಯ ಸಾಲಿನವರೆಗೂ ತಪ್ಪಿಲ್ಲದೆ ತೋರಿಸಿದಳು. ಶೂಲಾನ್ ಕೋಲು ಇಡುವ ಮೊದಲೇ ತೋರಿಸಿದಳು. ಶೂಲಾನ್ ಸುಮ್ಮನೆ ಫಲಕವನ್ನು ತಲೆಕೆಳಗು ಮಾಡಿ ನೇತುಹಾಕಿದಳು. ಹುಡುಗಿ ಮತ್ತೆ ಅದೇ ಮೇಲೆ, ಅದೇ ಬಲ, ಅದೇ ಕೆಳಗೆ.

ಸಾಲಿನಲ್ಲಿ ನಿಂತ ಮಕ್ಕಳು ಘೊಳ್ಳೆಂದು ನಕ್ಕವು. ಶೂಲಾನ್ ಮಂಡಿಯೂರಿ ಕೂತು ಕೇಳಿದಳು, "ಇದನ್ನೆಲ್ಲ ಯಾವಾಗ ಬಾಯಿಪಾಠ ಮಾಡ್ದೆ ಪುಟ್ಟಿ?"

"ನನ್ನ ಮುಂದಿನವರು ತೋರಿಸ್ತಿದ್ರಲ್ಲ, ಆಗ. ಕಣ್ಣು ಸರಿ ಇದ್ರೆ ಯಾರಾದ್ರೂ ಕರ್ಕೊಂಡು ಹೋಗ್ತಾರಂತೆ."

ಎಡಗಣ್ಣಿಗೆ ಮೊದಲ ಎರಡು ಸಾಲು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಚೆನ್ನಾಗಿರುವ ಬಲಗಣ್ಣಿಗೆ ದಿನಕ್ಕೆ ಎರಡು ಗಂಟೆ ಪಟ್ಟಿ ಅಂಟಿಸಿ, ಸೋಮಾರಿ ಎಡಗಣ್ಣಿನಿಂದ ಕೆಲಸ ತೆಗೆಯಬೇಕು. ಆಶ್ರಮದಲ್ಲಿ ಅಷ್ಟೊಂದು ಮಕ್ಕಳ ನಡುವೆ ಒಬ್ಬಳ ಪಟ್ಟಿಯನ್ನು ದಿನಾ ನೆನಪಿಡುವವರು ಯಾರು? ಪಟ್ಟಿ ಅಂಟಿಸಲೆಂದು ವಾರಕ್ಕೊಮ್ಮೆ ಹೋಗತೊಡಗಿದ ಶೂಲಾನ್, ಆಮೇಲೆ ವಾರಕ್ಕೆ ಮೂರು ಸಲ ಹೋದಳು. ಆಮೇಲೆ ಬೋಲಿನ್‌ನನ್ನೂ ಕರೆದೊಯ್ದಳು. ಅರ್ಜಿ, ಆಸ್ಪತ್ರೆಯ ವರದಿ, ಮನೆ ನೋಡಲು ಬಂದ ಅಧಿಕಾರಿಗಳು, ಎಲ್ಲ ಮುಗಿದು, ಒಗ್ಗಿಕೊಳ್ಳಲೆಂದು ಶಿನ್‌ಯಾಳನ್ನು ಮನೆಗೆ ಕಳಿಸಿ ನಲವತ್ತೊಂದು ದಿನವಾಗಿತ್ತು. ಇವತ್ತು ದತ್ತು ನೋಂದಣಿ.

ಎರಡು ವಾರ ಮೊದಲೇ ಆಗಬೇಕಿತ್ತು. ಅತ್ತೆ ಪಂಚಾಂಗ ತೆಗೆದು, ಆ ದಿನ ಮನೆಗೆ ಮಂದಿ ಸೇರಿಸಿಕೊಳ್ಳಲು ಒಳ್ಳೆಯದಲ್ಲ, ಹದಿನೆಂಟನೇ ತಾರೀಕು ದಿವ್ಯವಾಗಿದೆ ಎಂದು ಹಟ ಹಿಡಿದರು. ಆ ಎರಡು ವಾರದ ನಡುವೆ ಶಿನ್‌ಯಾಳಿಗೆ ಎಂಟು ತುಂಬಿತು. ಎಂಟು ತುಂಬಿದ ಮಗುವನ್ನು ದತ್ತು ಕೊಡಬೇಕಾದರೆ ಮಗುವಿನ ಒಪ್ಪಿಗೆ ಬೇಕು. ಅಧಿಕಾರಿ ಕೇಳುತ್ತಾರೆ, ಮಗು ತನ್ನ ಬಾಯಲ್ಲೇ ಹೇಳಬೇಕು. ಇಲ್ಲವೆಂದರೆ, ಅಥವಾ ಸುಮ್ಮನಿದ್ದರೆ, ಕಡತ ಮುಚ್ಚಿತು. ಸಂಜೆ ಶಿನ್‌ಯಾ ಆಶ್ರಮದ ವ್ಯಾನಿನಲ್ಲಿ ವಾಪಸ್.

"ಎಂಟೇನು ಬಂತು? ನಮ್ಮ ಲೆಕ್ಕದಲ್ಲಿ ಹುಟ್ಟಿದಾಗ್ಲೇ ಒಂದು, ಹೊಸವರ್ಷಕ್ಕೆ ಇನ್ನೊಂದು. ಅವಳಿಗೆ ಹೋದ ವರ್ಷಾನೇ ಎಂಟಾಗಿತ್ತು," ಎಂದು ಅತ್ತೆ ವಾದ ಹೂಡಿದ್ದರು.

"ಕಚೇರಿ ಲೆಕ್ಕ ಬೇರೆ ಅಮ್ಮಾ."

"ಹುಟ್ಟಿದ ದಿನಾನಾದ್ರೂ ಗೊತ್ತಾ ಅವರಿಗೆ? ಆಸ್ಪತ್ರೆ ಬಾಗಿಲಲ್ಲಿ ಸಿಕ್ಕಾಗ ಹಲ್ಲು ನೋಡಿ ಬರೆದಿದ್ದು ತಾನೆ? ಕುದುರೆಗೆ ನೋಡ್ದ ಹಾಗೆ."

ಅದೂ ನಿಜವೇ. ಯಾವನೋ ಡಾಕ್ಟರು ಅಂದಾಜಿನಲ್ಲಿ ಹದಿನೈದು ದಿನ ಆಚೆ ಬರೆದಿದ್ದರೆ ಇವತ್ತು ಯಾರೂ ಏನೂ ಕೇಳುತ್ತಿರಲಿಲ್ಲ. ಹನ್ನೊಂದು ರಾತ್ರಿಯಿಂದ ಶೂಲಾನ್ ಇದನ್ನೇ ನೆನೆದು ನಿದ್ದೆಗೆಟ್ಟಿದ್ದಳು. ಶಿನ್‌ಯಾ ಅವಳನ್ನು ಇನ್ನೂ 'ಆಂಟಿ' ಎಂದೇ ಕರೆಯುತ್ತಿದ್ದಳು. ಪಾಳಿಯಲ್ಲಿ ಬಂದುಹೋಗುವ ಆರು ಜನ ಆಯಾಗಳನ್ನು ಅಮ್ಮ ಅಮ್ಮ ಎನ್ನುತ್ತಿದ್ದ ಹುಡುಗಿ ಇಲ್ಲಿ ಆಂಟಿ ಎಂದರೆ ಏನರ್ಥ? ಹೆದರಿಕೆ ತಡೆಯಲಾರದೆ ಮೂರು ದಿನದ ಹಿಂದೆ, ಲೆನ್ಸಿನ ಚೀಟಿಯ ಹಿಂದೆ ಪ್ರಶ್ನೆ ಉತ್ತರ ಬರೆದು ಹುಡುಗಿಯ ಕೈಗೆ ಕೊಟ್ಟಳು. ಶಿನ್‌ಯಾ ಯಾಕೆಂದು ಕೇಳಲಿಲ್ಲ. ಚೀಟಿ ತೆಗೆದುಕೊಂಡು ಹೋಗಿ ಕಿಟಕಿಯ ಹತ್ತಿರ ಕೂತಳು.

ಬಸ್ಸಿನಲ್ಲಿ ಶೂಲಾನ್ ಅವಳ ಪಕ್ಕ ಕೂತು ಪಿಸುಗುಟ್ಟಿದಳು. "ಭಯ ಆಗ್ತಿದ್ಯಾ?"

"ಇಲ್ಲ, ನನಗೆ ಸ್ವಂತ ಕೋಣೆ ಇದೆ," ಎಂದಳು ಶಿನ್‌ಯಾ.

ಅದು ಐದನೆಯ ಉತ್ತರ.

ಕಚೇರಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಅತ್ತೆಯ ಪಂಚಾಂಗ ಊರಿನ ಎಲ್ಲ ಅತ್ತೆಯರ ಬಳಿಯೂ ಇತ್ತು ಎಂದು ಕಾಣುತ್ತದೆ. ಮದುವೆ ನೋಂದಣಿಯೂ ಅದೇ ಕಟ್ಟಡದಲ್ಲಿ. ಕೆಂಪು ಬಟ್ಟೆಯ ಮದುವಣಗಿತ್ತಿಯರು ಮೆಟ್ಟಿಲ ತುಂಬ ಫೋಟೋ ಹೊಡೆಸಿಕೊಳ್ಳುತ್ತಿದ್ದರು.

"ದಿವ್ಯವಾದ ದಿನ," ಎಂದ ಬೋಲಿನ್, ಅಮ್ಮನ ಮುಖ ನೋಡದೆ.

"ಬಾಯ್ಮುಚ್ಕೊಂಡು ನಡಿ. ಬಸ್ ಓಡಿಸೋವನಿಗೆ ಜನ ಕಂಡ್ರೆ ಏನೋ ಕಷ್ಟ?"

ಎರಡು ಗಂಟೆ ಕಾದ ಮೇಲೆ, ಊಟದ ಬಿಡುವಿಗೆ ಅರ್ಧ ಗಂಟೆ ಇದೆ ಎನ್ನುವಾಗ ಅವರ ಸರದಿ ಬಂತು. ನೋಂದಣಿ ಅಧಿಕಾರಿ ಫಾಂಗ್ ಮೇಡಂ ಐವತ್ತರ ಆಚೀಚಿನ ಹೆಂಗಸು. ಮೇಜಿನ ಮೇಲೆ ಚಹಾದ ಬಾಟಲಿ. ಆಶ್ರಮದ ಮೇಲ್ವಿಚಾರಕಿ ಕಡತ ಹಿಡಿದು ಗೋಡೆಗೆ ಆತು ಕೂತಿದ್ದಳು.

"ಹೆಸರೇನಮ್ಮ?"

ಶಿನ್‌ಯಾ ಮೊದಲು ಶೂಲಾನ್ ಕಡೆ ನೋಡಿದಳು, ಆಮೇಲೆ ಹೆಸರು ಹೇಳಿದಳು.

"ಬೆಳಿಗ್ಗೆ ಏನ್ ತಿಂದೆ?"

ಚೀಟಿಯಲ್ಲಿ ಈ ಪ್ರಶ್ನೆ ಇರಲಿಲ್ಲ. ಶಿನ್‌ಯಾ ಕಣ್ಣು ಪಿಳಿಪಿಳಿ ಬಿಟ್ಟಳು.

"ಎಂಟು ವರ್ಷ."

ಫಾಂಗ್ ಮೇಡಂ ಪೆನ್ನು ಕೆಳಗಿಟ್ಟರು. "ಎಂಟು ವರ್ಷ ತಿಂದ್ಯಾ? ಒಳ್ಳೇದು. ಮನೇಲಿ ಯಾರ್ ಯಾರಿದ್ದಾರೆ?"

"ಯೆಂಟಾನ್ ಬೀದಿ, ಐದನೇ ಮಹಡಿ."

ಹುಡುಗಿ ಪ್ರಶ್ನೆ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ತಲೆಕೆಳಗಾದ ಫಲಕದ ಮುಂದೆ ನಿಂತ ಹಾಗೆ, ಬಾಯಿಪಾಠ ಮಾಡಿದ ಕ್ರಮದಲ್ಲೇ ಒಂದೊಂದನ್ನೂ ಒಪ್ಪಿಸುತ್ತಿದ್ದಳು.

ಫಾಂಗ್ ಮೇಡಂ ಈಗ ಮುಂದಕ್ಕೆ ಬಾಗಿ, ದನಿ ತಗ್ಗಿಸಿ ಕೇಳಿದರು. "ಪುಟ್ಟಿ, ಆ ಮನೇಲಿ ನಿನಗೆ ಯಾರಾದ್ರೂ ಹೊಡೀತಾರಾ?"

"ಹೌದು, ನನಗೆ ತುಂಬಾ ಇಷ್ಟ," ಎಂದಳು ಶಿನ್‌ಯಾ.

ಅತ್ತೆ "ಅಯ್ಯೋ ದೇವರೇ" ಎಂದರು.

"ಮಗುಗೆ ಪಾಠ ಹೇಳ್ಕೊಟ್ಟೋರು ಯಾರು?" ಎಂದರು ಫಾಂಗ್ ಮೇಡಂ.

"ನಾನೇ ಮೇಡಂ," ಎಂದಳು ಶೂಲಾನ್. "ಇವರಿಗೆ ಯಾರಿಗೂ ಗೊತ್ತಿಲ್ಲ. ನಾನೇ ಬರೆದುಕೊಟ್ಟಿದ್ದು."

"ಯಾಕೆ?"

"ಅವಳು ಬೇಡ ಅಂದ್ಬಿಟ್ರೆ ಅಂತ."

"ಬೇಡ ಅನ್ನೋದಿದ್ರೆ ಅನ್ಲಿ ಅಂತಾನೇ ಕಾನೂನು ಇರೋದು. ಎಲ್ಲಾ ಹೊರಗೆ ನಡೀರಿ. ಆಶ್ರಮದವರೂ."

ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ಒಬ್ಬ ಮದುಮಗ ಮಿಠಾಯಿ ಹಂಚುತ್ತಿದ್ದ. ಶೂಲಾನ್‌ಳ ಅಂಗೈಗೂ ಒಂದು ಹಾಕಿ ಹೋದ. ಅವಳು ಅದನ್ನು ಹಾಗೇ ಹಿಡಿದುಕೊಂಡು ಕೂತಳು. ಹೊಡೀತಾರಾ, ಹೌದು. ಕಾಗದದ ಮೇಲೆ ಅದು ಹಾಗೇ ಬರೆದುಹೋಗಿದ್ದರೆ? ಪೊಲೀಸರನ್ನು ಕರೆಸಿದರೆ? ನೀಲಿ ಜಾಕೆಟ್ ವಾಪಸ್ ಕೊಡಬೇಕೇನೋ ಎಂದು ಹುಡುಗಿ ಕೇಳಿದರೆ ಏನು ಹೇಳುವುದು? ಆಶ್ರಮದಲ್ಲಿ ಪಟ್ಟಿ ಯಾರು ಅಂಟಿಸುತ್ತಾರೆ? ಎಡಗಣ್ಣು ಈಗಷ್ಟೇ ನಾಲ್ಕನೇ ಸಾಲಿಗೆ ಬಂದಿದೆ.

"ಹೊಡೀತಾರಂತೆ! ನಾವು ಬೈದಿದ್ದೂ ಇಲ್ಲ," ಎಂದರು ಅತ್ತೆ. "ಅಂಗಡಿಗೆ ಬಂದವರಿಗೆಲ್ಲ ನಿಜ ಹೇಳಿ ನಿಜ ಹೇಳಿ ಅಂತೀಯಲ್ಲ, ಕಾಣದಿದ್ರೆ ಕಾಣಲ್ಲ ಅನ್ನಿ ಅಂತ. ಇವತ್ತು ನೀನೇ ಮಗುಗೆ ಸುಳ್ಳು ಚೀಟಿ ಕೊಟ್ಯಾ?"

ಹನ್ನೊಂದು ದಿನದಿಂದ ಹಲ್ಲು ಕಚ್ಚಿ ಹಿಡಿದದ್ದು ಶೂಲಾನ್‌ಳ ಬಾಯಿಂದ ಹೊರಬಿತ್ತು. "ನೀವು ದಿನ ಮುಂದೂಡದೇ ಇದ್ದಿದ್ರೆ ಯಾವ ಚೀಟೀನೂ ಬೇಕಿರ್ಲಿಲ್ಲ!"

ಮದುಮಗಳೊಬ್ಬಳು ತಿರುಗಿ ನೋಡಿದಳು. ಬೋಲಿನ್ ಸುಲಿಯುತ್ತಿದ್ದ ಕಿತ್ತಳೆಯನ್ನು ಹಾಗೇ ಹಿಡಿದು ನಿಂತ. ಅತ್ತೆ ಮಡಿಲಲ್ಲಿದ್ದ ಕೈಚೀಲದ ಬಾರನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ಹಿಂದೆ ಎರಡು ಸಲ ನಾನು ದಿನ ನೋಡ್ಸಿರ್ಲಿಲ್ಲ," ಎಂದರು. "ನಿನ್ನ ಆಸ್ಪತ್ರೆಗೆ ಸೇರಿಸ್ದಾಗ. ಎರಡೂ ಸಲ. ಓದಿದ ಸೊಸೆ, ನಗ್ತಾಳೆ ಅಂತ ಸುಮ್ಮನಿದ್ದೆ. ಅದಕ್ಕೆ ಈ ಸಲ..."

ಶೂಲಾನ್ ಕೈಯಲ್ಲಿದ್ದ ಮಿಠಾಯಿಯನ್ನು ಅತ್ತೆಯ ಕೈಗಿಟ್ಟಳು. ಇಷ್ಟು ವರ್ಷ ಒಂದೇ ಸೂರಿನಡಿ ಇನ್ನೊಬ್ಬರೂ ಹೆದರಿಕೊಂಡು ಬದುಕಿದ್ದಾರೆ ಎಂಬುದು ಅವಳ ಗಮನಕ್ಕೇ ಬಂದಿರಲಿಲ್ಲ.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಬಾಗಿಲು ತೆರೆಯಿತು. ಶಿನ್‌ಯಾ ಮುಂದೆ ಬಂದಳು. ಬಲಗೈಯ ತೋರುಬೆರಳು ಕೆಂಪಗಾಗಿತ್ತು. ಕೈಯನ್ನು ಮೈಯಿಂದ ದೂರ ಹಿಡಿದಿದ್ದಳು, ಜಾಕೆಟ್ಟಿಗೆ ತಾಗದಂತೆ. ಬೆರಳೊತ್ತು ಹಾಕಿಸಿದ್ದಾರೆ, ಅಂದರೆ ಹೇಳಿಕೆ ಮುಗಿದಿದೆ. ಆದರೆ ಬೇಡ ಎಂದದ್ದಕ್ಕೂ ಬೆರಳೊತ್ತು ಬೇಕು. ಶೂಲಾನ್ ಹುಡುಗಿಯ ಮುಖ ನೋಡಿದಳು. ಆ ಮುಖದಲ್ಲಿ ಓದಲು ಒಂದು ಸಾಲೂ ಇರಲಿಲ್ಲ.

"ಒಳಗೆ ಬನ್ನಿ," ಎಂದರು ಫಾಂಗ್ ಮೇಡಂ. "ಓದ್ತೀನಿ, ಸರಿ ಇದ್ರೆ ನೀವೂ ಸಹಿ ಮಾಡ್ಬೇಕು." ಕನ್ನಡಕ ಏರಿಸಿಕೊಂಡು, ಸರಕಾರಿ ದನಿಯಲ್ಲಿ ಓದತೊಡಗಿದರು. "ಪ್ರಶ್ನೆ. ಯಾರಾದರೂ ಹೊಡೆಯುತ್ತಾರೆಯೇ? ಉತ್ತರ. ಇಲ್ಲ. ಆಗ ಹೇಳಿದ್ದು ಬೇರೆ ಪ್ರಶ್ನೆಯ ಉತ್ತರ. ಪ್ರಶ್ನೆ. ಈ ಮನೆಗೆ ಮಗಳಾಗಿ ಹೋಗಲು ಒಪ್ಪಿಗೆ ಇದೆಯೇ? ಉತ್ತರ. ಇದೆ. ಪ್ರಶ್ನೆ. ಚೀಟಿ ನೋಡದೆ ಹೇಳು, ಯಾಕೆ ಒಪ್ಪಿಗೆ?"

ಫಾಂಗ್ ಮೇಡಂ ಒಂದು ಗುಟುಕು ಚಹಾ ಕುಡಿದರು. ಶೂಲಾನ್‌ಗೆ ಆ ಬಾಟಲಿಯನ್ನು ಕಿತ್ತುಕೊಳ್ಳಬೇಕೆನಿಸಿತು.

"ಉತ್ತರ. ಆಂಟಿ ಮಲಗುವ ಮೊದಲು ಗ್ಯಾಸ್ ನೋಡುತ್ತಾರೆ. ಆಮೇಲೆ ಬಾಗಿಲು ನೋಡುತ್ತಾರೆ. ಆಮೇಲೆ ನನ್ನನ್ನು ನೋಡುತ್ತಾರೆ. ಹೀಗೆ ಮೂರು ಸಲ ಬರುತ್ತಾರೆ. ನಾನು ನಿದ್ದೆ ಬಂದವಳ ಹಾಗೆ ಮಲಗಿರುತ್ತೇನೆ. ಆಶ್ರಮದಲ್ಲಿ ಎಲ್ಲರನ್ನೂ ಸೇರಿಸಿ ಒಂದೇ ಸಲ ಎಣಿಸುತ್ತಾರೆ." ಕಾಗದ ತಿರುವಿದರು. "ಇನ್ನೊಂದಿದೆ. ಪ್ರಶ್ನೆ. ಬೇರೆ ಏನಾದರೂ ಹೇಳುವುದಿದೆಯೇ? ಉತ್ತರ. ಬರುವಾಗ ಆ ಪ್ಲಾಸ್ಟಿಕ್ ಚಪ್ಪಲಿ ಹಾಕಿಕೊಳ್ಳುವುದು ಬೇಡ. ತುಂಬಾ ಸದ್ದು."

ಅತ್ತೆಗೆ ನಗು ತಡೆಯಲಾಗಲಿಲ್ಲ. "ಹತ್ತು ವರ್ಷದಿಂದ ನಾನೂ ಅದನ್ನೇ ಹೇಳ್ತಿದ್ದೀನಿ!"

ಶೂಲಾನ್ ಸಹಿ ಮಾಡಿದಳು. ಬೆರಳೊತ್ತೂ ಹಾಕಿ ಎಂದು ಫಾಂಗ್ ಮೇಡಂ ಕೆಂಪು ಶಾಯಿಯ ಡಬ್ಬಿಯನ್ನು ಮುಂದಕ್ಕೆ ತಳ್ಳಿದರು.

ಹೊರಗೆ ಮದುವಣಗಿತ್ತಿಯರು ಊಟಕ್ಕೆ ಚದುರಿದ್ದರು. ಕಲ್ಲು ಮೆಟ್ಟಿಲುಗಳ ಮೇಲೆ ಬಣ್ಣದ ಕಾಗದದ ಚೂರುಗಳು ಬಿದ್ದು ಒದ್ದೆಯಾಗಿ ಜಾರುತ್ತಿದ್ದವು. ಶಿನ್‌ಯಾ ಮೇಲಿನ ಮೆಟ್ಟಿಲಲ್ಲೇ ನಿಂತು ಶೂಲಾನ್‌ಳ ಚೀಲಕ್ಕೆ ಕೈ ಹಾಕಿ ಕಣ್ಣಿನ ಪಟ್ಟಿಯ ಪೊಟ್ಟಣ ತೆಗೆದಳು.

"ಇವತ್ತಿನ ಎರಡು ಗಂಟೆ ಆಗ್ಲೇ ಇಲ್ಲ ಆಂಟಿ."

"ಈಗ ಬೇಡ. ಕೆಳಗೆ ಪೂರ್ತಿ ಮೆಟ್ಟಿಲಿದೆ, ನಿನಗೆ ಕಾಣಲ್ಲ. ಮನೇಗೆ ಹೋಗಿ ಹಾಕಣ."

ಶಿನ್‌ಯಾ ಆಗಲೇ ಕಾಗದ ಸುಲಿದು ಒಳ್ಳೆಯ ಕಣ್ಣಿನ ಮೇಲೆ ಪಟ್ಟಿ ಅಂಟಿಸಿಕೊಂಡಿದ್ದಳು. ಅದರ ಅಂಚಿನಲ್ಲಿ ಕೆಂಪು ಬೆರಳಿನ ಗುರುತು ಬಿತ್ತು. ಆಮೇಲೆ ಕೈಯನ್ನು ಗಾಳಿಯಲ್ಲಿ ಚಾಚಿ, ಯಾರಾದರೂ ಹಿಡಿಯಲೆಂದು ಕಾದು ನಿಂತಳು.

ಶೂಲಾನ್ ಆ ಕೈ ಹಿಡಿದಳು. ನಲವತ್ತು ಮೆಟ್ಟಿಲಾದರೂ ಇದ್ದವು, ಎಲ್ಲವೂ ಜಾರುವಂಥವು.

"ಮೆಟ್ಟಿಲು," ಎಂದಳು. ಹುಡುಗಿ ಕಾಲಿಟ್ಟಳು. "ಇನ್ನೊಂದು ಮೆಟ್ಟಿಲು."