ಛತ್ರದಲ್ಲಿ ಬಿಟ್ಟುಹೋದ ನೇರಿ

ಈಗ ಹೇಳಹೊರಟಿರುವುದರಲ್ಲಿ ನಡೆದದ್ದೆಷ್ಟು, ಆಮೇಲೆ ನಾನು ಸೇರಿಸಿಕೊಂಡದ್ದೆಷ್ಟು ಎಂಬುದು ನನಗೇ ಖಚಿತವಿಲ್ಲ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವನ ಬಾಯಲ್ಲಿ ಇದು ಶೋಭಿಸುವ ಮಾತಲ್ಲ. ಆದರೆ ನಾಲ್ಕೈದು ತಿಂಗಳ ಹಿಂದೆ ಬ್ಯಾಟರಾಯನಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಯಾರದೋ ಮಹಡಿಯಿಂದ ಒಣಮೆಣಸಿನಕಾಯಿಯ ಘಾಟು ಬಂದು ಸೀನಿದೆ. ಸೀನು ಮುಗಿಯುವುದರೊಳಗೆ ನೇರಿ ನೆನಪಾದಳು. ನನ್ನನ್ನು ಅನುಮಾನಿಸಬೇಡಿ, ನೇರಿ ಒಂದು ಕಂಪ್ಯೂಟರ್ ಆಟದೊಳಗಿನ ಹುಡುಗಿ.

ಎಂಟೊಂಬತ್ತು ವರ್ಷದ ಹಿಂದೆ ನಾನೂ ಬಸವರಾಜನೂ ಜಕ್ಕೂರಿನ ಹಳೇ ಊರೊಳಗೆ, ಲಕ್ಷ್ಮಮ್ಮನವರ ಮಹಡಿಯ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದೆವು. ನಾನು ಆಗಷ್ಟೇ ಎಂ.ಎಸ್ಸಿ. ಮುಗಿಸಿ ಕೆಲಸಕ್ಕೆ ಸೇರಿದ್ದೆ. ಬಸವರಾಜ ಗದಗದ ಕಡೆಯವನು, ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಇಬ್ಬರಿಗೂ ಸೇರಿ ಒಂದು ಕಂಪ್ಯೂಟರು. ಭಾನುವಾರವಿಡೀ ಒಂದೇ ಆಟ. ರಾಕ್ಷಸರು, ಮಾಟಗಾರರು, ಕೋಟೆಗಳು ತುಂಬಿದ ಇಂಗ್ಲಿಷ್ ಆಟ. ನಾಯಕನ ವೇಷ ನಮ್ಮದು. ದಾರಿಯಲ್ಲಿ ಒಬ್ಬೊಬ್ಬರೇ ಜೊತೆಗಾರರು ಬಂದು ಸೇರುತ್ತಾರೆ. ಎಲ್ಲರಿಗಿಂತ ಮೊದಲು ಸೇರುವವಳು ನೇರಿ. ರೊಟ್ಟಿ ಸುಡುವವನ ಮಗಳು, ಬೆನ್ನಿಗೆ ಬಿಲ್ಲು. ಬಿಡಾರ ಹೂಡಿದಾಗಲೆಲ್ಲ ರೊಟ್ಟಿ ಮುರಿದು ಎಲ್ಲರಿಗೂ ಹಂಚಿ, ಸೀದ ತುಂಡನ್ನು ತಾನಿಟ್ಟುಕೊಳ್ಳುತ್ತಿದ್ದಳು. ಆಟ ಮಾಡಿದವರು ಅವಳಿಗೆ ಕೊಟ್ಟ ಗುಣವಿಶೇಷ ಅಷ್ಟೇ. ಬಸವರಾಜ ಮನಸೋಲಲು ಅಷ್ಟೇ ಸಾಕಾಯಿತು.

ಲಕ್ಷ್ಮಮ್ಮನವರಿಗೂ ಅಷ್ಟೇ ಸಾಕಾಯಿತೆನ್ನಿ. ಮೆಣಸಿನಕಾಯಿ ಒಣಹಾಕಲು ಮಹಡಿಗೆ ಬಂದವರು ಒಂದು ದಿನ ಬಾಗಿಲಲ್ಲೇ ನಿಂತರು. "ಯಾರಪ್ಪಾ ಅವ್ಳು, ಸೀದಿದ್ದನ್ನೇ ತಿಂತಾವ್ಳೆ?" ಬಸವರಾಜ ಕಥೆಯನ್ನೆಲ್ಲ ಹೇಳಿದ. ಮುಂದಿನ ವಾರದಿಂದ ಅವರಿಗೆ ಮೊರ ಪಕ್ಕಕ್ಕಿಟ್ಟು ಹೊಸ್ತಿಲ ಮೇಲೆ ಕೂರುವುದೇ ರೂಢಿಯಾಯಿತು.

"ಏನ್ ಮೇಷ್ಟ್ರೇ, ನಿಮ್ಮುಡ್ಗಿ ಎಂಗವ್ಳೆ?"

"ಅಮ್ಮಾ, ಅದು ಬರೀ ಬೊಂಬೆ. ಯಾರೋ ಕೂತು ಬರೆದ ಲೆಕ್ಕ."

"ಆಗ್ಲಿ ಬುಡಿ. ಒಟ್ಟೆ ತುಂಬಾ ತಿನ್ನಕ್ಕೆ ಯೋಳಿ."

ಆ ಆಟದಲ್ಲಿ ಸತ್ತ ಜೊತೆಗಾರರು ಮತ್ತೆ ಬರುವುದಿಲ್ಲ. ಇದು ತಿಳಿದ ದಿನದಿಂದ ನಮ್ಮಲ್ಲೊಂದು ಪದ್ಧತಿ ಶುರುವಾಯಿತು. ಯಾವ ಕಾಳಗಕ್ಕೆ ಹೊರಟರೂ ಮೊದಲು ನೇರಿಯನ್ನು ಊರ ಛತ್ರದಲ್ಲಿ ಬಿಟ್ಟುಹೋಗುವುದು. ಒಮ್ಮೆ ನಾನು ಅವಳನ್ನು ಕರೆದೊಯ್ಯಲು ನೋಡಿದೆ. ಬಸವರಾಜ ಮೌಸ್ ಕಿತ್ತುಕೊಂಡ.

"ಲೇ, ಆಕೀನ್ನ ಯಾಕ ಎಬ್ಬಿಸ್ತಿ?"

"ಬಿಲ್ಲುಗಾರ್ತಿ ಕಣೋ ಅವಳು. ಬಾಣ ಬಿಡೋದು ಕಲಿಯೋದ್ಯಾವಾಗ?"

"ಕಲೀದಿದ್ರ ಬ್ಯಾಡ. ಹೊರಗ ಥಂಡಿ ಐತಿ, ಇರ್ಲಿ ಬಿಡು."

ಪರದೆಯ ಮೇಲೆ ಬಿಳಿ ಚುಕ್ಕೆಗಳು ಉದುರುತ್ತಿದ್ದುದು ನಿಜ. ಹೊಸ್ತಿಲಿನಿಂದಲೂ ತೀರ್ಪು ಬಂತು: "ಬುಟ್ಟೋಗಿ ಮೇಷ್ಟ್ರೇ, ಎಣ್ಮಗ."

ಜೊತೆಗಾರರು ಕಾದಾಡಿದಷ್ಟೂ ಬಲಿಯುವುದು ಇಂಥ ಆಟಗಳ ನಿಯಮ. ನಮ್ಮ ನೇರಿ ಮೊದಲ ದಿನ ಎಷ್ಟು ಬಲ್ಲವಳೋ ಕಡೆಯವರೆಗೂ ಅಷ್ಟೇ. ಕಡೆಗೆ ಪಟ್ಟಣಕ್ಕೆ ಮುತ್ತಿಗೆ ಬೀಳುತ್ತದೆ. ಜೊತೆಗಾರರಲ್ಲಿ ಒಬ್ಬರು ಹೆಬ್ಬಾಗಿಲನ್ನು ಒಂಟಿಯಾಗಿ ಕಾಯಬೇಕು. ಆ ಗಳಿಗೆ ನನ್ನ ಕಣ್ಣಿಗೆ ಕಟ್ಟಿದೆ: ಹೊಗೆಯ ನಡುವೆ ನೇರಿ ಒಬ್ಬಳೇ, ನಮ್ಮ ತಾರಸಿಯ ಮೇಲೆ, ಜಕ್ಕೂರಿನ ವೈಮಾನಿಕ ಶಾಲೆಯಲ್ಲಿ ಹಾರಾಟ ಕಲಿಯುವವರ ಪುಟ್ಟ ವಿಮಾನದ ಗೊರಗೊರ, ಬಸವರಾಜನ ಬೆವರು. ಬಾಗಿಲು ಬೀಳಲಿಲ್ಲ, ನೇರಿ ಬದುಕಿದಳು, ಲಕ್ಷ್ಮಮ್ಮ ಕಂಪ್ಯೂಟರಿಗೆ ದೃಷ್ಟಿ ತೆಗೆದರು. ಇಷ್ಟು ಅಚ್ಚುಕಟ್ಟಾದ ನೆನಪನ್ನು ಬೇರೆಯವರು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಆ ಘಾಟಿನ ನೆಪದಲ್ಲೇ ಮುಂದಿನ ಭಾನುವಾರ ಜಕ್ಕೂರಿಗೆ ಹೋದೆ. ಸುತ್ತ ಅಪಾರ್ಟ್‌ಮೆಂಟುಗಳೆದ್ದಿವೆ, ಲಕ್ಷ್ಮಮ್ಮನವರ ಮನೆ ಹಾಗೇ ಇದೆ. ಬಾಗಿಲು ತೆಗೆದದ್ದು ಪಿಯುಸಿ ಓದುವ ಮೊಮ್ಮಗಳು ಚೈತ್ರ.

"ನೇರಿ ಅಂಕಲ್ ನೀವೇನಾ?" ಎಂದಳು. ಚಿಕ್ಕಂದಿನಿಂದ ಅಜ್ಜಿ ಅವಳಿಗೆ ಹೇಳುತ್ತ ಬಂದದ್ದು ಹೆಬ್ಬಾಗಿಲು ಕಾದು ಬದುಕಿದ ನೇರಿಯ ಕಥೆ. ಈಗ ಹುಡುಗಿಯೇ ಆ ಆಟ ತಂದುಕೊಂಡಿದ್ದಾಳೆ. "ಎಲ್ಲಾ ಸುಳ್ಳು ಅಂಕಲ್. ನನ್ನ ಆಟದಲ್ಲಿ ಗೇಟ್ ಹತ್ರಾನೇ ಸತ್ತೋದ್ಲು. ನಂದೊಂದೇ ಅಲ್ಲ, ಎಲ್ಲರದ್ರಲ್ಲೂ ಅಷ್ಟೇ." ಫೋನು ತೋರಿಸಿದಳು. ಯಾವ್ಯಾವುದೋ ದೇಶದ ಅಭಿಮಾನಿಗಳು ನೇರಿಯ ಚಿತ್ರ ಬರೆದು ಪಕ್ಕದಲ್ಲಿ ದೀಪ ಹಚ್ಚಿಟ್ಟಿದ್ದರು. ಒಬ್ಬ ತನ್ನ ಮಗಳಿಗೆ ಅದೇ ಹೆಸರಿಟ್ಟಿದ್ದ.

ಲಕ್ಷ್ಮಮ್ಮ ಅದರ ಕಡೆ ನೋಡಲೂ ಇಲ್ಲ. "ಮೇಷ್ಟ್ರೇ, ಈ ಮಗ ಜ್ವರ ಬಂದು ಆಸ್ಪತ್ರೇಲಿ ಮಲಗಿದ್ದಾಗ ಅದೇ ಕತೆ ಯೋಳ್ಕೊಂಡು ಕುಂತಿದ್ದೆ. ನಾ ಕಣ್ಣಾರೆ ನೋಡ್ನಿಲ್ಲ, ಬದುಕವ್ಳೆ ಅಂದೋರು ನೀವಿಬ್ರು. ಸುಮ್ಕೆ ನನ್ ಸಮಾಧಾನಕ್ಕೆ ಅಂದ್ರಾ?"

 ಮಹಡಿಗೆ ಹೋಗಿ ಬಸವರಾಜನಿಗೆ ಫೋನ್ ಮಾಡಿ, ಹೆಬ್ಬಾಗಿಲಲ್ಲಿ ನಾನು ಕಂಡದ್ದನ್ನೆಲ್ಲ ಹೇಳಿದೆ.

"ನೀ ಎಲ್ಲಿ ನೋಡಿದ್ಯೋ ಮಾರಾಯಾ?" ಎಂದು ನಕ್ಕ. "ಅವತ್ತ ನೀ ಚಿಕ್ಕಜಾಲದಾಗ ಯಾರದೋ ಮದುವಿಗೆ ಹೋಗಿದ್ದಿ. ಆಟ ಮುಗದಿಂದ ನಾನಽ ಫೋನ್ ಮಾಡಿ ಹೇಳಿದ್ದು."

ಹೊಗೆ, ವಿಮಾನ, ಬೆವರು ಎಲ್ಲ ಒಂದೇ ಮಾತಿಗೆ ಹೋಯಿತು. "ಸರಿ, ಬದುಕಿದ್ಲು ತಾನೇ?"

"ಹಂಗಂತ ಹೇಳಿದ್ನೆಪಾ. ಖರೇನ ಹೇಳಿದ್ನೋ, ಅಮ್ಮಾರ ಮಾರಿ ನೋಡಿ ಹೇಳಿದ್ನೋ, ಈಗ ನೆನಪಾಗವಲ್ದು. ಒಂದು ಮಾತ್ರ ಗ್ಯಾರಂಟಿ. ಆಕೀನ್ನ ಒಂದು ಜಗಳಕ್ಕೂ ಒಯ್ದಿಲ್ಲ."

ಛತ್ರದ ವಿಷಯದಲ್ಲಿ ಮಾತ್ರ ಮೂವರ ನೆನಪೂ ಒಂದೇ ಆಗಿತ್ತು. ಹಾಗಾದರೆ ಅದೇ ರೀತಿ ಆಡಿ ನೋಡುವುದೊಂದೇ ದಾರಿ. ಅಂದಿನಿಂದ ಭಾನುವಾರಗಳು ಚೈತ್ರಳ ಕಂಪ್ಯೂಟರಿನ ಮುಂದೆ ಕಳೆದವು. "ಯಾರೂ ಹಿಂಗಾಡಲ್ಲ ಅಂಕಲ್," ಎಂದು ಅವಳು ಗೊಣಗುವುದು, ಹಿಂದಿನಿಂದ ಅಜ್ಜಿ "ಬುಟ್ಟೋಗೇ, ಎಣ್ಮಗ" ಎನ್ನುವುದು.

ಮುತ್ತಿಗೆಯ ದಿನ ಬಂತು. ಹೆಬ್ಬಾಗಿಲಿಗೆ ಜೊತೆಗಾರರಲ್ಲೆಲ್ಲ ಬಲಿಷ್ಠರಾದವರನ್ನು ಆಟವೇ ಆರಿಸುತ್ತದೆ. ಬೇರೆಯವರೆಲ್ಲ ಅವಳನ್ನು ಅಕ್ಕರೆಯಿಂದ ಕಾಳಗಕ್ಕೆ ಒಯ್ದು ಬೆಳೆಸಿದ್ದರಿಂದ ಅವರ ಆಟದಲ್ಲಿ ಆ ಪಾಳಿ ನೇರಿಗೇ ಬಂದಿತ್ತು. ನಮ್ಮಲ್ಲಿ ಮುಂದೆ ಬಂದವನು ಸದಾ ಸಿಡುಕುವ ಒಬ್ಬ ಕೂಲಿ ಸೈನಿಕ. ಪಾಪ, ಅವನ ಹೆಸರನ್ನೂ ನಾವು ಗಮನಿಸಿರಲಿಲ್ಲ. ಅವನು ಬಿದ್ದ, ಮುತ್ತಿಗೆ ಮುರಿಯಿತು.

"ಇವ್ಳೆಲ್ಲಿ?" ಎಂದರು ಲಕ್ಷ್ಮಮ್ಮ.

ಛತ್ರದ ನೆಲಮಾಳಿಗೆಯ ಬಾಗಿಲು ತೆರೆದುಕೊಂಡಿತು. ಮುದುಕರು ಬಂದರು, ಮಕ್ಕಳು ಬಂದರು, ಎಲ್ಲರ ಹಿಂದೆ ನೇರಿ ಬಂದಳು.

"ಅಜ್ಜೀ!" ಎಂದು ಚೈತ್ರ ಅವರ ತೋಳು ಹಿಡಿದು ಅಲ್ಲಾಡಿಸಿದಳು. ಲಕ್ಷ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಬಾಗ್ಲು ಕಾದಿದ್ದು ಸುಳ್ಳಾದ್ರೆ ಓಗ್ಲಿ," ಎಂದರು. ನನಗೂ ಎದೆಯ ಮೇಲಿಂದ ಯಾರೋ ಎದ್ದುಹೋದಂತಾಯಿತು.

ಒಂದು ಸಲದ ಫಲಿತಾಂಶವನ್ನು ನಂಬಬಾರದೆಂದು ಮಕ್ಕಳಿಗೆ ಕಲಿಸುವವನು ನಾನು. ಹಾಗಾಗಿ ಆಟವನ್ನು ಮನೆಗೆ ತಂದು ಮತ್ತೆ ಮೊದಲಿನಿಂದ ಆಡಿದೆ. ಆಗಲೂ ನೇರಿ ನೆಲಮಾಳಿಗೆಯಿಂದ ಬಂದಳು. ಹೋಲಿಕೆಗೆಂದು ಅವಳನ್ನು ಕಾಳಗಕ್ಕೆ ಒಯ್ದೂ ನೋಡಬೇಕಿತ್ತು, ಅದು ನನ್ನಿಂದಾಗಲಿಲ್ಲ. ಆದ್ದರಿಂದ ಖಚಿತವಾಗಿ ಹೇಳಬಲ್ಲದ್ದು ಇಷ್ಟೇ: ಎಲ್ಲ ಕಾಳಗಕ್ಕೂ ಛತ್ರದಲ್ಲೇ ಬಿಟ್ಟುಹೋದರೆ ನೇರಿ ಸಾಯುವುದಿಲ್ಲ.