ನಡುಗಡ್ಡೆಯ ಕೋಟೆಯಲ್ಲಿ ಹೂ ಕೇಳಿದ್ದು

ಅವ್ವನ ಎದೆಯ ಕವಾಟ ಕೆಟ್ಟಿದೆ, ಆಪರೇಷನ್ ತಡವಾದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ಅವಳನ್ನು ಉಚ್ಚಂಗಿದುರ್ಗದಿಂದ, ನಾನು ಬ್ಯಾಂಕಿನ ನೌಕರಿಯಲ್ಲಿರುವ ಈ ಬಂದರಿನ ಊರಿಗೆ ಕರೆತಂದೆ. ಬಂದವಳದು ಒಂದೇ ಪಟ್ಟು: ಊರದೇವಿ ಅಮ್ಮನ ಅಪ್ಪಣೆಯಿಲ್ಲದೆ ಆಪರೇಷನ್ ಬೇಡ. ಹೊರಡುವ ಅವಸರದಲ್ಲಿ ಗುಡ್ಡದ ಕೋಟೆ ಹತ್ತಿ, ಅಲ್ಲಿನ ಗುಡಿಯ ಉಚ್ಚಂಗೆಮ್ಮನ ಹತ್ತಿರ ಹೂ ಕೇಳುವುದು ಆಗಿರಲಿಲ್ಲ. ದೇವಿಗೆ ಅಂಟಿಸಿದ ಹೂ ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ ಎಂದು ಲೆಕ್ಕ.

ದಂಡೆಯಿಂದ ನಡುಗಡ್ಡೆಯ ಕೋಟೆ ಕಂಡದ್ದೇ ತಡ, "ಅಲ್ಲಿಗೆ ಕರ್ಕಂಡ್ ಹೋಗು," ಅಂದಳು.

"ಅದು ದಂಡಿನವ್ರು ಕಟ್ಟಿದ್ದು ಅವ್ವ. ತೋಪು, ಮದ್ದಿನ ಮನಿ ಅದಾವ. ಗುಡಿ ಇಲ್ಲ."

"ಕ್ವಾಟಿ ಐತಿ ಅಂದ್ರ ಅಮ್ಮ ಇರದ ಇರ್ತಾಳೇನ?"

ದೋಣಿಯಲ್ಲಿ ಕಣ್ಣು ಮುಚ್ಚಿ ನನ್ನ ಮೊಣಕೈ ಹಿಡಿದು ಕೂತವಳು ಕೋಟೆ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ದೋಣಿಯಲ್ಲಿ ಬಂದ ಮಿಕ್ಕವರು ಫಿರಂಗಿಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಇವಳು ಏದುಸಿರು ಬಿಡುತ್ತ ಮೂಲೆ ಮೂಲೆ ಹುಡುಕಿದಳು. ಗುಡಿ ಸಿಗಲಿಲ್ಲ. ಕೊನೆಗೆ ಗೋಡೆಯ ಒಂದು ದೊಡ್ಡ ಕಲ್ಲಿಗೆ ಕೈಮುಗಿದು, ಜೊತೆಗೆ ತಂದಿದ್ದ ಸೇವಂತಿಗೆಯ ಎಸಳನ್ನು ಬಾಟಲಿ ನೀರಿನಲ್ಲಿ ಅದ್ದಿ ಅಂಟಿಸಿದಳು. ಕಡಲ ಗಾಳಿ ಬಲಗಡೆಯಿಂದ ಬೀಸಿ ಅದನ್ನು ಎಡಕ್ಕೆ ಎಸೆಯಿತು. ಇನ್ನೊಂದು ಅಂಟಿಸಿದಳು. ಅದೂ ಎಡಕ್ಕೇ.

"ಬ್ಯಾಡ ಅಂತಾಳ ನೋಡು. ಊರಿಗೆ ಹೋಗಣ ನಡಿ."

ನನಗೆ ಸಿಟ್ಟು ನೆತ್ತಿಗೇರಿತು, ಹೆದರಿಕೆಯೂ ಆಯಿತು. ಗಾಳಿಯ ಮಾತು ಕೇಳಿ ಅವ್ವನನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಹಠ ನನಗೂ ಬರುತ್ತದೆ. "ಇನ್ನೊಮ್ಮೆ ಕೇಳು," ಎಂದು ಕಲ್ಲಿನ ಬಲಕ್ಕೆ ಹೋಗಿ, ಸೆರಗು ಹರವಿ ಗಾಳಿಗೆ ಅಡ್ಡ ನಿಂತೆ. ಈ ಸಲ ಎಸಳು ಅಂಟಿಕೊಂಡಿತು. ಕೆಳಗೆ ದೋಣಿಯವನು ಹೊರಡಲು ಕೂಗುತ್ತಿದ್ದ. ಸೆರಗು ಪಟಪಟ ಬಡಿಯಿತು, ತೋಳು ಸೋತವು, ನಾನು ಮಾತ್ರ ಕದಲಲಿಲ್ಲ. ಬಿಸಿಲಿಗೆ ನೀರಾರಿದ ಎಸಳು ಮೆಲ್ಲಗೆ ಜಾರಿ ನನ್ನ ಕಾಲ ಬಳಿಯೇ ಬಿತ್ತು. ಬಲಕ್ಕೆ.

ಅವ್ವ ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ವಾಪಸು ಬರುವಾಗ ದೋಣಿಯಲ್ಲಿ ಅವಳು ಕಣ್ಣು ಮುಚ್ಚಲಿಲ್ಲ. "ನೀ ಅಡ್ಡ ನಿಂತಿದ್ದು ನನಗ ಕಾಣಲಿಲ್ಲ ಅಂದ್ಕಂಡೀಯೇನ?" ಅಂದಳು.

ನಾನು ಹಾರುತ್ತಿದ್ದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ದುರ್ಗದಾಗ ಗಾಳಿಗೆ ಗುಡಿ ಗ್ವಾಡಿ ಅಡ್ಡ ಐತಿ. ಇಲ್ಲಿ ನೀ ನಿಂತಿ, ಅಷ್ಟಾ. ನಾಳಿ ದವಾಖಾನಿಗೆ ಎಷ್ಟೊತ್ತಿಗೆ ಹೋಗಬೇಕು?"